ಅಮೃತಮಹಲ್ ಕಾವಲು: ಮಳೆಯನ್ನು ಹಿಂಬಾಲಿಸಿದ ದನಗಳು

ಬೇಲೂರಿನಿಂದ ಹಳೇಬೀಡನ್ನು ಹಾದು ಅರಸೀಕೆರೆಗೆ ಸುಮಾರು 60 ಕಿಲೋಮೀಟರ್. ಇಷ್ಟರಲ್ಲೇ ಮಲೆನಾಡಿನ ಅಂಚು ಕಳೆದು, ತೆಂಗು–ರಾಗಿಯ ಬಯಲುಸೀಮೆ ಎದುರಾಗುತ್ತದೆ. ನೈರುತ್ಯ ಮಾರುತ ಪಶ್ಚಿಮಘಟ್ಟವನ್ನು ಏರುವಾಗ ಹಿಗ್ಗಿ ತಣಿಯುತ್ತದೆ. ಅದರ ತೇವಾಂಶ ಮಳೆಯಾಗಿ ಸುರಿಯುತ್ತದೆ. ಘಟ್ಟ ದಾಟಿ ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ. ಆದ್ದರಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆ.

ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳು ಈ ವ್ಯತ್ಯಾಸವನ್ನೇ ಆಧರಿಸಿದ್ದವು. ಕಾವಲು ಎಂದರೆ ಕಾದಿರಿಸಿದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿದ್ದ ಈ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದು ಹೆಸರಿತ್ತು. ಹೈದರಾಲಿ ಇಲ್ಲಿನ ಎತ್ತುಗಳನ್ನು ಸೈನ್ಯದ ಸಾಗಣೆಗೆ ಹಚ್ಚಿದ. ಟಿಪ್ಪು ಸುಲ್ತಾನ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟ.

ಕಾವಲುಗಳಲ್ಲಿ ಮೂರು ಬಗೆ: ಬೇಸಿಗೆಯವು, ಮಳೆಗಾಲದವು, ಚಳಿಗಾಲದವು. ಮಳೆ ಬಿದ್ದೊಡನೆ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಎಳೆಹುಲ್ಲು ಚಿಗುರುತ್ತದೆ. ಹುಲ್ಲು ಬೀಜ ಕಟ್ಟಿದ ಮೇಲೆ ಅದರಲ್ಲಿ ನಾರು ಹೆಚ್ಚಿ ಪ್ರೋಟೀನ್ ಕುಗ್ಗುತ್ತದೆ. ಕುಡಿಯುವ ನೀರೂ ಬತ್ತುತ್ತದೆ. ಆಗ ಹಿಂಡು ಬೇರೆಡೆಗೆ ಹೊರಡಬೇಕು. ಬೇಸಿಗೆ ಕಾವಲುಗಳು ನೆರಳು, ನೀರು ಎರಡೂ ಇದ್ದ ಜಾಗಗಳು: ನೀರಿಳಿದ ಮೇಲೆ ಹಸಿರಾಗುವ ಕೆರೆಯಂಗಳ, ಮುಂಗಾರಿಗೆ ಮೊದಲೇ ಒಂದೆರಡು ಮಳೆ ಕಾಣುವ ಪಶ್ಚಿಮ ತಾಲ್ಲೂಕುಗಳ ಕಾಡು. ಹಿಂಡು ಬೇಸಿಗೆ ಕಾವಲಿನಲ್ಲಿರುವಾಗ ಬಯಲಿನ ಕಾವಲಿಗೆ ಬಿಡುವು. ಅಲ್ಲಿ ಉದುರಿದ ಬೀಜ ಮುಂದಿನ ಮಳೆಗೆ ಮೊಳೆಯುತ್ತದೆ.

ಈ ವ್ಯವಸ್ಥೆಯಲ್ಲಿ ಯಾವ ಕಾವಲೂ ಒಂಟಿಯಾಗಿ ಪೂರ್ಣವಲ್ಲ. ಮೂರರಲ್ಲಿ ಒಂದು ತಪ್ಪಿದರೆ ಉಳಿದೆರಡರ ಮೇಲೆ ವರ್ಷವಿಡೀ ಭಾರ ಬೀಳುತ್ತದೆ. ಬಿಡುವಿಲ್ಲದ ನೆಲದಲ್ಲಿ ಹುಲ್ಲು ಬೀಜ ಕಟ್ಟುವುದಿಲ್ಲ. ಜಾನುವಾರುಗಳ ಸಂಖ್ಯೆಯನ್ನಷ್ಟೇ ಎಣಿಸಿದರೆ ಇದು ತಿಳಿಯದು.

1860ರಲ್ಲಿ ಬ್ರಿಟಿಷ್ ಆಡಳಿತವು ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿತು. ಒಳ್ಳೆಯ ಎತ್ತುಗಳ ಕೊರತೆ ಬೇಗನೆ ತಟ್ಟಿತು. 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಬಂತು. ತಳಿ ಸಂವರ್ಧನೆಯ ಕೆಲಸ ಇಂದಿಗೂ ಅಜ್ಜಂಪುರದ ಕೇಂದ್ರದಲ್ಲಿ ನಡೆದಿದೆ.

ಚದುರಿದ ಹಿಂಡನ್ನು ಆರು ವರ್ಷಗಳಲ್ಲಿ ಮತ್ತೆ ಕಟ್ಟಲು ಸಾಧ್ಯವಾಯಿತು. ಉಳುಮೆಗೆ, ಕಟ್ಟಡಗಳಿಗೆ, ನೀಲಗಿರಿ ನೆಡುತೋಪುಗಳಿಗೆ ಹೋದ ಕಾವಲನ್ನು ಹಾಗೆ ಮರಳಿ ಪಡೆಯಲಾಗದು. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿದ್ದ ಕಾವಲುಗಳಲ್ಲಿ ಇಂದು ಉಳಿದಿರುವುದು ಅಲ್ಪ ಭಾಗ. ಅರಸೀಕೆರೆಗೆ ನೆರೆಯ ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ದನಗಳಿಗಾಗಿ ಕಾದಿರಿಸಿದ ಅಲ್ಲಿನ ಹುಲ್ಲು ಕೃಷ್ಣಮೃಗಗಳನ್ನೂ ಉಳಿಸಿತ್ತು.

ಫೆಬ್ರವರಿಯಲ್ಲಿ ಇಂಥ ನೆಲವನ್ನು ನೋಡಿದವರಿಗೆ ಅದು ಬರಿಯ ಬೀಳುಭೂಮಿ ಎನಿಸುವುದು ಸಹಜ. ಅದರ ಉಪಯೋಗವನ್ನು ತೀರ್ಮಾನಿಸುವ ಮುನ್ನ ಜುಲೈ ತಿಂಗಳಲ್ಲಿಯೂ ಒಮ್ಮೆ ಅಳೆಯಬೇಕು.