ಕೋಲುಮಂಡೆಯ ಹಾಡು: ಜನಪ್ರಿಯ ಸಂಗೀತದ ಅವನತಿಯನ್ನು ಕುರಿತು ಒಂದು ವಿಚಾರ

ಈಚಿನ ಕೆಲವು ದಶಕಗಳಲ್ಲಿ ಜನಪ್ರಿಯ ಸಂಗೀತವು ತನ್ನ ಹಿಂದಿನ ಯೋಗ್ಯತೆಯನ್ನು ಕಳೆದುಕೊಂಡಿದೆಯೆಂಬ ಮಾತು ವಿದ್ಯಾವಂತರ ನಡುವೆ ಸಿದ್ಧಾಂತವೆಂಬಂತೆ ಪ್ರಚಲಿತವಾಗಿದೆ. ಹಳೆಯ ಚಿತ್ರಗೀತೆಗಳಲ್ಲಿದ್ದ ಸಾಹಿತ್ಯ ಹೊಸವುಗಳಲ್ಲಿಲ್ಲವೆಂದೂ, ವಾದ್ಯಗಳ ಅಬ್ಬರದಲ್ಲಿ ಮಾತು ಕೇಳಿಸುವುದೇ ಇಲ್ಲವೆಂದೂ, ಒಂದು ಹಾಡಿಗೂ ಮತ್ತೊಂದಕ್ಕೂ ಭೇದ ತೋರದೆಂದೂ ನಮ್ಮ ಅಧ್ಯಾಪಕರ ಕೊಠಡಿಗಳಲ್ಲಿಯೇ ದಿನವೂ ಕೇಳುತ್ತೇವೆ. ಈ ಮಾತು ಸುಳ್ಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಇತಿಹಾಸವನ್ನು ಬೋಧಿಸುವವನಿಗೆ ಅವನತಿಯೆಂಬ ಪದ ಕಿವಿಗೆ ಬಿದ್ದೊಡನೆ ಕೆಲವು ಪ್ರಶ್ನೆಗಳು ಏಳಬೇಕು: ಯಾವ ಕಾಲದಿಂದ ಇಳಿದಿದೆ? ಯಾವ ಅಳತೆಗೋಲಿನಿಂದ ಅಳೆಯಲಾಗಿದೆ? ಇಳಿದಿರುವುದು ಹಾಡೋ, ಹಾಡನ್ನು ಕೇಳುವ ರೀತಿಯೋ? ಚಾಮರಾಜನಗರ, ಗುಂಡ್ಲುಪೇಟೆಗಳ ಜನರಿಗೆ ಚಿರಪರಿಚಿತವಾದ ಒಂದು ಹಾಡಿನ ಈಚಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಿದೆ.

ಈ ಸೀಮೆಯ ಸಂಗೀತದ ಚರಿತ್ರೆಯೆಂದರೆ ಸಾಮಾನ್ಯವಾಗಿ ಮೈಸೂರಿನ ಆಸ್ಥಾನದ ಚರಿತ್ರೆಯೆಂದೇ ಭಾವಿಸುವುದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಜನ್ಮಸ್ಥಳವೆಂಬ ಗೌರವದಿಂದ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅರಮನೆಯ ಆಶ್ರಯದಲ್ಲಿದ್ದ ವೈಣಿಕರ, ಗಾಯಕರ ಹೆಸರುಗಳು ದಾಖಲೆಗಳಲ್ಲಿ ಉಳಿದಿವೆ. ವೀಣೆ ಶೇಷಣ್ಣನವರ, ವಾಸುದೇವಾಚಾರ್ಯರ ಜೀವನ ವೃತ್ತಾಂತ ನಮಗೆ ತಿಳಿದಿದೆ. ಆದರೆ ಅದೇ ಕಾಲದಲ್ಲಿ ಇದೇ ತಾಲ್ಲೂಕುಗಳ ಹಟ್ಟಿ ಹಟ್ಟಿಗಳಲ್ಲಿ ಸಹಸ್ರಾರು ಜನ ರಾತ್ರಿಯಿಡೀ ಕೇಳುತ್ತಿದ್ದ ಸಂಗೀತ ಬೇರೆಯಾಗಿತ್ತು. ಕಂಸಾಳೆ ಹಿಡಿದ ದೇವರ ಗುಡ್ಡರು ಮಲೆ ಮಹದೇಶ್ವರನ ಕಥೆಯನ್ನೂ, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಗಳನ್ನೂ ಹಾಡುತ್ತಿದ್ದರು. ಜನಪ್ರಿಯವೆಂಬ ವಿಶೇಷಣ ಈ ಪ್ರದೇಶದಲ್ಲಿ ಯಾವುದಾದರೂ ಸಂಗೀತಕ್ಕೆ ನ್ಯಾಯವಾಗಿ ಸಲ್ಲುವುದಾದರೆ ಇದಕ್ಕೇ ಮೊದಲು ಸಲ್ಲಬೇಕು.

ಈ ಹಾಡಿನ ಸೀಮೆ ರಾಜ್ಯಗಳ ಗಡಿಯನ್ನು ಎಂದೂ ಲೆಕ್ಕಿಸಲಿಲ್ಲ. ಮಹದೇಶ್ವರ ಬೆಟ್ಟವಿದ್ದ ಕೊಳ್ಳೇಗಾಲ ತಾಲ್ಲೂಕು ೧೯೫೬ರ ನವೆಂಬರ್ ೧ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನದಲ್ಲಿದ್ದವು. ಮೂರೂ ಸೇರಿದ ಚಾಮರಾಜನಗರ ಜಿಲ್ಲೆ ರಚಿತವಾದದ್ದು ೧೯೯೭ರಲ್ಲಿ. ಇದಾವುದೂ ಶಿವರಾತ್ರಿಗೆ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಹೋಗುವವರಿಗೆ ಅಡ್ಡಿಯಾದಂತೆ ಕಾಣುವುದಿಲ್ಲ. (ಮಹದೇಶ್ವರನ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು, ಆ ಚರ್ಚೆ ಇಲ್ಲಿ ಅಪ್ರಸ್ತುತ.) ಕಾವ್ಯವನ್ನು ಗುಡ್ಡರು ಸಾಲುಗಳಾಗಿ ವಿಂಗಡಿಸಿಕೊಂಡಿದ್ದಾರೆ: ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು ಮುಂತಾಗಿ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ಪಾಠವು ೧೯೭೩ರಲ್ಲಿಯೂ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವು ೧೯೯೭ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದಲೂ ಅಚ್ಚಾದುವು.

ಸಂಕಮ್ಮನ ಸಾಲಿನ ಕಥೆಯನ್ನು ಸಂಕ್ಷೇಪವಾಗಿ ನೆನೆಯುವುದು ಮುಂದಿನ ವಿಚಾರಕ್ಕೆ ಅವಶ್ಯ. ಕಾಡಿಗೆ ಹೊರಟ ಗಂಡನು ತನ್ನ ಹೆಂಡತಿಯ ಶೀಲವನ್ನು ಶಂಕಿಸಿ, ತಾನು ಹಿಂದಿರುಗುವವರೆಗೆ ನಡತೆ ತಪ್ಪುವುದಿಲ್ಲವೆಂದು ಭಾಷೆ ಕೊಡಬೇಕೆಂದು ಪೀಡಿಸುತ್ತಾನೆ. ತಪ್ಪಿಲ್ಲದ ತಾನು ಏಕೆ ಭಾಷೆ ಕೊಡಬೇಕೆಂಬುದು ಸಂಕಮ್ಮನ ನಿಲುವು. ಅದಕ್ಕಾಗಿ ಅವಳು ಘೋರವಾದ ಹಿಂಸೆಯನ್ನು ಅನುಭವಿಸುತ್ತಾಳೆ. ಮಹದೇಶ್ವರನು ಜಂಗಮನಾಗಿ ಬಂದು ಅವಳ ಸಂಕಟವನ್ನು ಕಳೆದು ಮಕ್ಕಳ ಫಲವನ್ನು ಕೊಡುತ್ತಾನೆ. ಕೋಲುಮಂಡೆ ಜಂಗಮನ ಹಾಡು ಈ ಬರವಿಗೆ ಹೊಂದಿಕೊಂಡದ್ದು.

ಈ ಹಾಡು ಗುಡ್ಡರ ಬಾಯಿಂದ ಹೊರಟು ಎರಡು ಬಾರಿ ದೊಡ್ಡ ಮಾರುಕಟ್ಟೆಯನ್ನು ಪ್ರವೇಶಿಸಿತು. ಮೊದಲನೆಯದು ೧೯೯೬ರಲ್ಲಿ, ಟಿ. ಎಸ್. ನಾಗಾಭರಣ ಅವರ ನಿರ್ದೇಶನದ ‘ಜನುಮದ ಜೋಡಿ’ ಚಿತ್ರದ ಮೂಲಕ. ವಿ. ಮನೋಹರ್ ಅವರ ಸಂಗೀತದಲ್ಲಿ ಎಲ್. ಎನ್. ಶಾಸ್ತ್ರಿಯವರು ಹಾಡಿದ ಗೀತೆಗೆ ರಾಜ್ಯ ಪ್ರಶಸ್ತಿಯೂ ಬಂದಿತು. ಚಿತ್ರದ ನಾಯಕರಾದ ಶಿವರಾಜಕುಮಾರ್ ಅವರ ಮನೆತನ ಇದೇ ಸೀಮೆಯದು. ತಂದೆ ರಾಜಕುಮಾರ್ ಅವರು ೧೯೨೯ರಲ್ಲಿ ಹುಟ್ಟಿದ್ದು ಚಾಮರಾಜನಗರಕ್ಕೆ ಸಮೀಪದ, ಈಗ ತಮಿಳುನಾಡಿನಲ್ಲಿರುವ ಗಾಜನೂರಿನಲ್ಲಿ. ತಾತ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ವೃತ್ತಿರಂಗಭೂಮಿಯ ನಟರು. ಎರಡನೆಯ ಪ್ರವೇಶ ೨೦೨೦ರ ಆಗಸ್ಟ್ ತಿಂಗಳಿನಲ್ಲಿ. ಚಂದನ್ ಶೆಟ್ಟಿಯವರು ‘ಕೋಲುಮಂಡೆ’ ಎಂಬ ಹೆಸರಿನಲ್ಲಿ ರ್‍ಯಾಪ್ ಶೈಲಿಯ ದೃಶ್ಯಗೀತೆಯೊಂದನ್ನು ಯೂಟ್ಯೂಬಿನಲ್ಲಿ ಹೊರತಂದರು. ಅದರಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಅಸಭ್ಯವೆಂದು ಮಹದೇಶ್ವರನ ಭಕ್ತರು ಆಕ್ಷೇಪಿಸಿದರು, ಗಾಯಕರು ಕ್ಷಮೆ ಕೇಳಿದರು, ಗೀತೆಯನ್ನು ಹಿಂತೆಗೆಯಲಾಯಿತು.

ಅವನತಿವಾದಿಗಳಿಗೆ ಇದಕ್ಕಿಂತ ಅನುಕೂಲವಾದ ನಿದರ್ಶನ ದೊರೆಯಲಾರದು: ಗುಡ್ಡನಿಂದ ಚಿತ್ರಗೀತೆಗೆ, ಚಿತ್ರಗೀತೆಯಿಂದ ರ್‍ಯಾಪಿಗೆ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಾಡು. ಆದರೆ ಈ ನಿರ್ಣಯವನ್ನು ಒಪ್ಪುವ ಮುನ್ನ ಆರೋಪದ ಪೂರ್ವಚರಿತ್ರೆಯನ್ನು ನೋಡಬೇಕು. ಇಂದು ನಾವು ಪ್ರಮಾಣವೆಂದು ಎತ್ತಿ ಹಿಡಿಯುವ ಚಿತ್ರಗೀತೆಗಳ ಕಾಲದಲ್ಲಿಯೇ ಚಿತ್ರಗೀತೆಯೆಂಬುದು ಅಭಿರುಚಿಯ ಶತ್ರುವೆಂದು ಪರಿಗಣಿತವಾಗಿತ್ತು. ೧೯೫೨ರಲ್ಲಿ ಕೇಂದ್ರದ ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರ ನೀತಿಯಿಂದ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಬಹುಮಟ್ಟಿಗೆ ಮರೆಯಾದುವು. ಕೇಳುಗರು ರೇಡಿಯೋ ಸಿಲೋನಿನತ್ತ ಮುಳ್ಳು ತಿರುಗಿಸಿದರು; ಕಡೆಗೆ ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿಯನ್ನು ಆರಂಭಿಸಿ ಸರ್ಕಾರವೇ ಆ ಗೀತೆಗಳಿಗೆ ಬಾಗಿಲು ತೆರೆಯಬೇಕಾಯಿತು. ಅದಕ್ಕೂ ಹಿಂದೆ, ೧೯೪೦ರಲ್ಲಿ, ಹಾರ್ಮೋನಿಯಂ ವಾದ್ಯವನ್ನೇ ಆಕಾಶವಾಣಿಯಿಂದ ಹೊರಹಾಕಲಾಗಿತ್ತು. ನಮ್ಮ ಕಂಪನಿ ನಾಟಕಗಳ ಜೀವಾಳವೇ ಅದಾಗಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು. ಆ ನಾಟಕಗಳ ಗೀತೆಗಳಾದರೂ ಪಾರ್ಸಿ ಮಂಡಳಿಗಳ ಮಟ್ಟುಗಳನ್ನು ಧಾರಾಳವಾಗಿ ತೆಗೆದುಕೊಂಡಂಥವು. ಹೀಗೆ ಹಿಂದೆ ಹಿಂದೆ ಹೋದಷ್ಟೂ ಅವನತಿಯ ಆರಂಭಬಿಂದು ಇನ್ನೂ ಹಿಂದಕ್ಕೆ ಸರಿಯುತ್ತದೆ. ಜೊತೆಗೆ, ಜಿ. ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ಪಿ. ಬಿ. ಶ್ರೀನಿವಾಸ್ ಮೊದಲಾದವರ ಉತ್ತಮ ಗೀತೆಗಳು ಮಾತ್ರ ನಮ್ಮ ನೆನಪಿನಲ್ಲಿ ಉಳಿದಿವೆ. ಅದೇ ವರ್ಷಗಳ ನೀರಸ ಗೀತೆಗಳನ್ನು ಕಾಲವೇ ಒರೆಸಿಹಾಕಿದೆ. ಜರಡಿ ಹಿಡಿದ ನಿನ್ನೆಯೊಡನೆ ಜರಡಿ ಹಿಡಿಯದ ಇಂದನ್ನು ಹೋಲಿಸುವುದು ನ್ಯಾಯವಲ್ಲ.

ಅಳತೆಯ ಮಾತು ಇನ್ನೂ ಜಟಿಲವಾದುದು. ೨೦೧೨ರಲ್ಲಿ ಸ್ಪೇನಿನ ಜೋನ್ ಸೆರ್ರಾ ಮತ್ತು ಸಹಸಂಶೋಧಕರು ೧೯೫೫ರಿಂದ ೨೦೧೦ರವರೆಗಿನ ೪,೬೪,೪೧೧ ಪಾಶ್ಚಾತ್ಯ ಧ್ವನಿಮುದ್ರಣಗಳನ್ನು ಗಣಕಯಂತ್ರದಿಂದ ವಿಶ್ಲೇಷಿಸಿ, ಸ್ವರಸಂಚಾರದ ವೈವಿಧ್ಯ ಕಡಿಮೆಯಾಗಿದೆಯೆಂದೂ, ನಾದಗುಣ ಏಕರೂಪವಾಗುತ್ತಿದೆಯೆಂದೂ, ಧ್ವನಿಯ ಗಟ್ಟಿತನ ಹೆಚ್ಚಿದೆಯೆಂದೂ ತೋರಿಸಿದರು. ಅವನತಿಯ ಪಕ್ಷದಲ್ಲಿ ಇರುವ ಸಾಕ್ಷ್ಯಗಳಲ್ಲಿ ಇದು ಗಂಭೀರವಾದುದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅದೇ ಯಂತ್ರಕ್ಕೆ ಸಂಕಮ್ಮನ ಸಾಲನ್ನು ಒಪ್ಪಿಸಿದರೆ ಏನಾದೀತು? ಗುಡ್ಡನ ಹಾಡು ಕೆಲವೇ ಸ್ವರಗಳ ಸುತ್ತ ತಿರುಗುತ್ತದೆ. ಒಂದೇ ಮಟ್ಟು ಗಂಟೆಗಟ್ಟಲೆ ಮರಳಿ ಮರಳಿ ಬರುತ್ತದೆ. ಹಿಮ್ಮೇಳದವರು ಒಂದೇ ಸೊಲ್ಲನ್ನು ಎಣಿಕೆಯಿಲ್ಲದಷ್ಟು ಸಲ ಎತ್ತಿಕೊಡುತ್ತಾರೆ. ಕಂಸಾಳೆಯ ನಾದವಂತೂ ರಾತ್ರಿಯುದ್ದಕ್ಕೂ ಒಂದೇ. ವೈವಿಧ್ಯವೇ ಗುಣವೆಂದು ಹಿಡಿದರೆ ನಾವು ಉದಾತ್ತವೆಂದು ಕೊಂಡಾಡುವ ಹಾಡೇ ಎಲ್ಲಕ್ಕಿಂತ ಬಡವಾಗಿ ಕಾಣುವುದು! ಆದುದರಿಂದ ಪುನರಾವೃತ್ತಿಯನ್ನು ರ್‍ಯಾಪಿನಲ್ಲಿ ದೋಷವೆಂದೂ ಗುಡ್ಡನಲ್ಲಿ ಗುಣವೆಂದೂ ಹೇಳುವವರು ತಮ್ಮ ಅಳತೆಗೋಲು ಬೇರೆಲ್ಲಿಯೋ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಆ ಅಳತೆಗೋಲು ಎಲ್ಲಿದೆ? ನನಗೆ ತೋರುವಂತೆ ಗುಡ್ಡನ ಹಾಡಿನ ಯೋಗ್ಯತೆ ಮಟ್ಟಿನಲ್ಲಿಲ್ಲ. ಮಟ್ಟು ಹೊತ್ತು ತರುವ ಕಥೆಯಲ್ಲಿದೆ, ಆ ಕಥೆಯನ್ನು ಅರಿತು ಕುಳಿತ ಕೇಳುಗರಲ್ಲಿದೆ. ಹರಕೆಗೆಂದು ಮನೆಗೆ ಕರೆಸಿದ ಗುಡ್ಡನು ಸಂಜೆ ಹಿಡಿದ ಸಾಲನ್ನು ಬೆಳಗಿನ ಜಾವಕ್ಕೆ ಮುಗಿಸುವನು. ಕೇಳುವವರು ಕಥೆ ಗೊತ್ತಿಲ್ಲವೆಂದು ಕೇಳುವುದಿಲ್ಲ, ಗೊತ್ತಿರುವುದರಿಂದಲೇ ಕೇಳುತ್ತಾರೆ. ಹಾಡುಗಾರನು ಒಂದು ಪ್ರಸಂಗವನ್ನು ಹಾರಿಸಿದಾಗ ಗೋಡೆಗೆ ಒರಗಿದ್ದ ವೃದ್ಧೆಯೊಬ್ಬರು ಕುಳಿತಲ್ಲಿಂದಲೇ ತಡೆದು ಹಿಂದಕ್ಕೆ ಕರೆತಂದುದನ್ನು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಗ್ರಾಮದಲ್ಲಿ ನಾನೇ ನೋಡಿದ್ದೇನೆ. ಗುಡ್ಡನು ಕೋಪಿಸಿಕೊಳ್ಳಲಿಲ್ಲ, ತಲೆಯಾಡಿಸಿ ಬಿಟ್ಟ ಭಾಗವನ್ನು ಹಾಡಿದನು. ಹೀಗೆ ತಿದ್ದುವ ಅಧಿಕಾರವುಳ್ಳ ಕೇಳುಗನು ಸಂಗೀತದ ಚರಿತ್ರೆಯಲ್ಲಿ ಅಪೂರ್ವನಾದ ವ್ಯಕ್ತಿ. ಚಿತ್ರಮಂದಿರದ ಪ್ರೇಕ್ಷಕನಿಗೆ ಈ ಅಧಿಕಾರವಿಲ್ಲ.

ಈ ದೃಷ್ಟಿಯಿಂದ ೨೦೨೦ರ ಘಟನೆ ಬೇರೆ ಅರ್ಥವನ್ನು ಪಡೆಯುತ್ತದೆ. ಭಕ್ತರು ಆಕ್ಷೇಪಿಸಿದುದು ರ್‍ಯಾಪಿನ ಲಯವನ್ನಲ್ಲ, ಕಥೆ ತಪ್ಪಿದುದನ್ನು. ಗಂಡನ ಶಂಕೆಗೆ ಗುರಿಯಾಗಿ ನೊಂದ ಹೆಣ್ಣನ್ನು ನೋಟದ ವಸ್ತುವಾಗಿ ಮಾಡಿದರೆ ಹಾಡು ಆ ಗಂಡನ ಪಕ್ಷವನ್ನೇ ವಹಿಸಿದಂತಾಗುತ್ತದೆ. ಗೋಡೆಗೆ ಒರಗಿದ್ದ ಆ ವೃದ್ಧೆ ಮಾಡಿದ ಕೆಲಸವನ್ನೇ ಈ ಬಾರಿ ಒಂದು ಸೀಮೆಯ ಜನ ಮಾಡಿದರೆನ್ನಬಹುದು. ಆದರೆ ಇಲ್ಲಿ ಒಂದು ಭೇದವನ್ನು ಮರೆಮಾಚುವುದು ಪ್ರಾಮಾಣಿಕವಾಗದು. ಆ ವೃದ್ಧೆಯಿಂದಾಗಿ ಹಾಡು ಮುಂದುವರಿಯಿತು. ೨೦೨೦ರಲ್ಲಿ ಹಾಡು ನಿಂತಿತು. ನನ್ನ ತರಗತಿಯಲ್ಲಿ ಆಕ್ಷೇಪದ ಮಾತನ್ನು ಬಲವಾಗಿ ಆಡಿದ ವಿದ್ಯಾರ್ಥಿಗಳನ್ನು ಸಂಕಮ್ಮನ ಸಾಲನ್ನು ಪೂರ್ತಿಯಾಗಿ ಯಾರು ಕೇಳಿದ್ದೀರೆಂದು ವಿಚಾರಿಸಿದಾಗ ಒಂದು ಕೈಯೂ ಮೇಲೇಳಲಿಲ್ಲ.

ಇದಕ್ಕೆ ಯಂತ್ರವೇ ಕಾರಣವೆಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಗ್ರಾಮಫೋನಿನ ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ೩ ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಗುಡ್ಡನಿಗೆ ಅದರಲ್ಲಿ ಸ್ಥಳವೇ ಇರಲಿಲ್ಲ. ಕ್ಯಾಸೆಟ್ಟು ಬಂದ ಮೇಲೆ ಸ್ಥಿತಿ ಬದಲಾಯಿತು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದ ಭಾವಗೀತೆ ಮನೆಮನೆಗೆ ಹೋದಂತೆ, ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳಿಂದ ಸಿದ್ದಪ್ಪಾಜಿಯ, ಮಹದೇಶ್ವರನ ಕಥೆಗಳು ಚಹಾದಂಗಡಿಗಳಿಗೂ ಬಸ್ಸುಗಳಿಗೂ ಬಂದುವು. ನನ್ನ ಬಾಲ್ಯದಲ್ಲಿ ಗುಂಡ್ಲುಪೇಟೆಯ ಸಂತೆಯ ದಿನ ಕಥೆಯ ಒಂದು ಭಾಗ ಒಂದಂಗಡಿಯಲ್ಲಿಯೂ ಮುಂದಿನ ಭಾಗ ಇನ್ನೊಂದರಲ್ಲಿಯೂ ಕೇಳಿಸುತ್ತಿದ್ದುದು ನೆನಪಿದೆ. ಇಂದಿನ ಯೂಟ್ಯೂಬಿಗಂತೂ ಅಂಥ ಕಿರಿದಾದ ಕಾಲದ ಮಿತಿಯಿಲ್ಲ. ಇಡೀ ರಾತ್ರಿಯ ಕಥೆಯನ್ನು ಅದು ಹೊರಬಲ್ಲುದು. ಮೂರು ನಿಮಿಷದ ರ್‍ಯಾಪು ಹರಡಿದ ದಾರಿಯೂ ಕಥೆಯ ದಾರಿಯೂ ಒಂದೇ.

ಹಾಗಾದರೆ ಕತ್ತರಿಯಾಡಿಸಿದವರು ಯಾರು? ಇಲ್ಲಿ ನಮ್ಮ ವರ್ಗದವರ ಪಾತ್ರವನ್ನೂ ಹೇಳಬೇಕು. ಜಾನಪದದ ರಕ್ಷಣೆಯ ಹೆಸರಿನಲ್ಲಿ ಕಂಸಾಳೆಯನ್ನು ದಸರಾ ಮೆರವಣಿಗೆಗೆ, ಉತ್ಸವಗಳ ವೇದಿಕೆಗೆ ಕರೆತಂದೆವು. ಮೆರವಣಿಗೆಗೆ ಬೇಕಾದುದು ಬೀಸು ಕಂಸಾಳೆಯ ಚಮತ್ಕಾರ, ಸಾಲು ಅಲ್ಲ. ತರುಣರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ತಾಳ ಬೀಸುವ ಕೌಶಲವನ್ನು ಬೆಳೆಸಿಕೊಂಡರು. ಅದು ಮೆಚ್ಚತಕ್ಕ ಕೌಶಲವೇ ಸರಿ. ಆದರೆ ದೀಕ್ಷೆ ಪಡೆದ ಗುಡ್ಡನು ಗುರುವಿನ ಹಿಂದೆ ವರ್ಷಗಳ ಕಾಲ ತಿರುಗಿ ಕಲಿಯುತ್ತಿದ್ದ ಕಥೆಗೆ ಈ ವ್ಯವಸ್ಥೆಯಲ್ಲಿ ಬೆಲೆಯಿಲ್ಲ. ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ಸಾಂಸ್ಕೃತಿಕ ಸಮಿತಿಯಲ್ಲಿದ್ದಾಗ ಪ್ರತಿ ತಂಡಕ್ಕೆ ೮ ನಿಮಿಷವೆಂದು ನಿಯಮ ಬರೆದವನು ನಾನೇ. ವಿದ್ಯಾರ್ಥಿಗಳ ಕಂಸಾಳೆ ತಂಡಕ್ಕೆ ತರಬೇತಿ ಕೊಟ್ಟಿದ್ದ ವೃದ್ಧ ಗುಡ್ಡರು ಕಾರ್ಯಕ್ರಮದ ಬಳಿಕ ನನ್ನನ್ನು ಕಂಡು, ತಮ್ಮ ಸಂಕಮ್ಮ ಇನ್ನೂ ಬಾಗಿಲಾಚೆ ಬಂದಿರಲಿಲ್ಲ, ಅಷ್ಟರಲ್ಲಿ ಗಂಟೆ ಬಾರಿಸಿದಿರಲ್ಲಾ ಎಂದು ನಗುತ್ತಲೇ ಹೇಳಿದರು. ಉತ್ತರ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಜನಪ್ರಿಯ ಸಂಗೀತ ಇಳಿದಿದೆಯೇ ಎಂಬುದಕ್ಕೆ ಸ್ವರ, ಲಯ, ವಾದ್ಯಗಳನ್ನು ಎಣಿಸಿ ಉತ್ತರ ಹೇಳುವ ಬದಲು, ಹಾಡು ಎಷ್ಟು ಹೊತ್ತು ನಡೆಯಿತು, ಕೇಳುಗರಲ್ಲಿ ಎಷ್ಟು ಜನ ಅದನ್ನು ತಿದ್ದಬಲ್ಲವರಾಗಿದ್ದರು ಎಂಬೆರಡನ್ನು ಎಣಿಸುವುದು ಈ ಸೀಮೆಯ ಮಟ್ಟಿಗೆ ಹೆಚ್ಚು ಫಲಕಾರಿಯೆಂದು ನನ್ನ ಅಭಿಪ್ರಾಯ. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ಗ್ರಾಮಗಳಲ್ಲಿ ಹರಕೆಗೆ ಗುಡ್ಡರನ್ನು ಕರೆಸಿದ ರಾತ್ರಿ ಕುಳಿತು, ಯಾವ ಸಾಲು ಹಾಡಿದರು, ಯಾವ ಗಳಿಗೆಯಲ್ಲಿ ಆರಂಭಿಸಿ ಯಾವಾಗ ಮುಗಿಸಿದರು, ನಡುವೆ ಯಾರು ತಡೆದರು, ಏನೆಂದು ತಿದ್ದಿದರು ಎಂಬುದನ್ನು ಬರೆದಿಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ಮುದ್ರಿತವಾದ ಎರಡು ಪಾಠಗಳನ್ನು ಪಕ್ಕದಲ್ಲಿಟ್ಟುಕೊಂಡರೆ ಏನು ಉಳಿದಿದೆ, ಏನು ಬಿಟ್ಟುಹೋಗಿದೆಯೆಂಬುದೂ ತಿಳಿಯುತ್ತದೆ. ಬರುವ ಶಿವರಾತ್ರಿಯಿಂದಲೇ ಇದನ್ನು ತೊಡಗಬಹುದು; ಮೊದಲಿಗೆ ಸಂಕಮ್ಮನ ಸಾಲನ್ನೇ ಆರಿಸಿಕೊಳ್ಳುವುದು ಯುಕ್ತ.