ಪರದೇಶದ ಸಣ್ಣ ಸಭೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ನಮ್ಮ ಸೀಮೆಯಲ್ಲಿ ಸಂಜೆಯ ಭಜನೆಗೆ ಬಂದು ಕೂತವನನ್ನು ಯಾರೂ “ಯಾವೂರಪ್ಪಾ?” ಎಂದು ವಿಚಾರಿಸುತ್ತ ಕೂಡುವುದಿಲ್ಲ. ಪಲ್ಲವಿಗೆ ದನಿಗೂಡಿಸಿದರೆ ಸಾಕು, ಅವನು ಊರಿನವನೇ. ಪರದೇಶಕ್ಕೆ ಹೋದವನ ಕಷ್ಟ ಇಲ್ಲಿಂದಲೇ ಮೊದಲು. ದೇವರು ಎಲ್ಲೆಲ್ಲಿಯೂ ಉಂಟೆಂದು ಅವನು ಒಪ್ಪಿಯಾನು; ಆದರೆ ಅಲ್ಲಿಯ ಪಲ್ಲವಿ ಅವನಿಗೆ ಬಾರದು. ಈ ಕಷ್ಟವನ್ನು ನಮ್ಮ ನಾಡಿನ ಕ್ರೈಸ್ತ ಸಭೆಗಳ ಚರಿತ್ರೆಯಲ್ಲಿ ಎರಡು ದಡಗಳಿಂದಲೂ ಕಾಣಬಹುದು.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಸಿರಾ ಮಧುಗಿರಿಗಳ ದಾರಿ ಹಿಡಿದು ಬಂದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಈ ಸೀಮೆಯ ದನಕರುಗಳಿವೆ, ಕಬ್ಬಿಣದ ಕುಲುಮೆಗಳಿವೆ. ಹೋದಲ್ಲೆಲ್ಲ ಒಂದೊಂದು ಜಾತಿಯವರನ್ನೂ ಕೂರಿಸಿಕೊಂಡು, ನಿಮ್ಮ ದೇವರು ಯಾರು, ಗುರು ಯಾರು ಎಂದು ಕೇಳಿ ಬರೆದುಕೊಂಡ. ತಾನು ಎಲ್ಲಿ, ಯಾರೊಡನೆ ಪ್ರಾರ್ಥಿಸಿದೆನೆಂದು ಹೇಳುವುದು ಅವನ ಕೆಲಸವಾಗಿರಲಿಲ್ಲ. ಅದು ಸರ್ಕಾರಕ್ಕೆ ಸಲ್ಲಬೇಕಾದ ವರದಿ.

ಪರಸ್ಥಳದವನೊಬ್ಬ ಇಲ್ಲಿಯ ಸಣ್ಣ ಸಭೆಯಲ್ಲಿ ಕೂರುವ ಕಾಲ ಬಂದದ್ದು ಸಿರಾ ತಾಲ್ಲೂಕಿಗೆ ಹೊಂದಿಕೊಂಡ ಗುಬ್ಬಿಯಲ್ಲಿ. ವೆಸ್ಲಿಯನ್ ಮಿಷನ್ನಿನವರು ಬೆಂಗಳೂರಿನ ದಂಡಿನಲ್ಲಿ ಮೊದಲು ನಡೆಸಿದ ಆರಾಧನೆ ಇಂಗ್ಲಿಷಿನಲ್ಲಿ ಮತ್ತು ತಮಿಳಿನಲ್ಲಿ. ಕನ್ನಡ ನಾಡಿನ ನಡುವೆ ಇದ್ದೂ ಕನ್ನಡಕ್ಕೆ ಅವರು ಬಂದದ್ದು ತಡವಾಗಿ. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಮಾಡಿದ ಮೇಲೆ ಮಾತು ಬೇರೆಯಾಯಿತು. ಅಲ್ಲಿ ದಂಡಿಲ್ಲ, ಬಿಳಿಯ ಸಿಪಾಯಿಗಳಿಲ್ಲ. ಅಡಿಕೆ ಕೊಬ್ಬರಿಯ ಸಂತೆ, ವ್ಯಾಪಾರಿಗಳು, ಸುತ್ತ ಹಳ್ಳಿಗಳು. ಬೆಂಗಳೂರಿನಂತೆ ಇಂಗ್ಲಿಷನ್ನು ನೆಚ್ಚಿ ಕೂರುವಂತಿಲ್ಲ.

1839ರಲ್ಲಿ ಅಲ್ಲಿಗೆ ಐರ್ಲೆಂಡಿನಿಂದ ವಿಲಿಯಂ ಆರ್ಥರ್ ಬಂದಾಗ ಅವನಿಗೆ 20 ವರ್ಷ. ಅದೃಷ್ಟಕ್ಕೆ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಗಾರರ ಶ್ರಮದಿಂದ ಬೈಬಲು 1831ರ ಹೊತ್ತಿಗೆ ಪೂರ್ತಿಯಾಗಿ ಕನ್ನಡಕ್ಕೆ ಬಂದಿತ್ತು. ಮರುವರ್ಷ ರೀವ್‌ನ ಕನ್ನಡ-ಇಂಗ್ಲಿಷ್ ನಿಘಂಟೂ ಹೊರಬಿದ್ದಿತ್ತು. ಹುಡುಗ ಕನ್ನಡ ಕಲಿತ. ಆದರೆ ಕಣ್ಣು ಕೈಕೊಟ್ಟಿತು. 1841ರಲ್ಲಿ ಊರಿಗೆ ಮರಳಬೇಕಾಯಿತು. ಮೈಸೂರು ಸೀಮೆಯನ್ನು ಕುರಿತ ಅವನ ಗ್ರಂಥ 1847ರಲ್ಲಿ ಬಂತು. ಎರಡೇ ವರ್ಷದ ವಾಸಕ್ಕೆ ಅಷ್ಟು ದಪ್ಪ ಪುಸ್ತಕವೇ ಎಂದು ನಗುವವರು ನಗಲಿ. 1856ರಲ್ಲಿ ಅವನಿಗೆ ಹೆಸರು ತಂದ ಇನ್ನೊಂದು ಪುಸ್ತಕದ ಹೆಸರು ‘ಬೆಂಕಿಯ ನಾಲಗೆ’ ಎಂದು. ಅದು ಬೈಬಲಿನ ಮಾತೇ ಸರಿ. ಆದರೂ ಪರಭಾಷೆಗೆ ನಾಲಗೆ ತಿರುಗಿಸಲು ಗುಬ್ಬಿಯಲ್ಲಿ ಹೆಣಗಿದವನು ಆ ಮಾತನ್ನು ಆರಿಸಿದ್ದು ನನಗೆ ಬರಿಯ ಕಾಕತಾಳೀಯವೆನಿಸುವುದಿಲ್ಲ.

ಇನ್ನು ಆಚೆಯ ದಡ. ಮಂಗಳೂರಿನ ಆನಂದರಾವ್ ಕೌಂಡಿನ್ಯ ಕೊಂಕಣಿ ಮನೆಮಾತಿನ ಬ್ರಾಹ್ಮಣರ ಮನೆಯಲ್ಲಿ 1825ರಲ್ಲಿ ಹುಟ್ಟಿದವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗರ ಶಾಲೆಯಲ್ಲಿ ಓದಿ, 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದು, ಗುರುವಿನ ‘ಹರ್ಮನ್’ ಹೆಸರನ್ನೂ ಧರಿಸಿದರು. ಅಂದಿಗೆ ಮನೆ ತಪ್ಪಿತು, ಜಾತಿ ತಪ್ಪಿತು. ಕೈಹಿಡಿದ ಹೆಂಡತಿಯೂ ಹಿಂದೆ ಬರಲಿಲ್ಲ. 1846ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಸೇರಿದರು.

ಬಾಸೆಲ್ ಮಿಷನ್ನಿಗೆ ಜನರನ್ನು ಒದಗಿಸಿದ್ದು ಬಹುಪಾಲು ಪಕ್ಕದ ಜರ್ಮನ್ ಸೀಮೆ ವುರ್ಟೆಂಬರ್ಗ್. ಅಲ್ಲಿ ಊರ ಚರ್ಚಿನ ದೊಡ್ಡ ಆರಾಧನೆಯಲ್ಲದೆ ಮನೆಯ ಹಜಾರದಲ್ಲಿ ಹತ್ತಾರು ಜನ ಸೇರುವ ಸಣ್ಣ ಕೂಟಗಳೂ ಉಂಟು. ಒಕ್ಕಲಿಗನೋ ನೇಕಾರನೋ ಬೈಬಲು ಓದಿ ಅರ್ಥ ಹೇಳುತ್ತಾನೆ, ಉಳಿದವರು ಹಾಡುತ್ತಾರೆ. ಅವಕ್ಕೆ ‘ಷ್ಟುಂಡೆ’, ಎಂದರೆ ‘ಗಳಿಗೆ’, ಎಂದು ಹೆಸರು. 1743ರ ರಾಜಶಾಸನ ಅವನ್ನು ಮಾನ್ಯ ಮಾಡಿತ್ತು. ನಮ್ಮ ಹಳ್ಳಿಯ ತತ್ತ್ವಪದದ ಕೂಟಕ್ಕೆ ಇವು ದಾಯಾದಿಗಳೆನ್ನಬಹುದು. ನಂಬಿಕೆಯಿಂದ ಆ ಜನಕ್ಕೆ ಕೌಂಡಿನ್ಯರು ಸೋದರರು. ಹಾಡು ಮಾತ್ರ ಜರ್ಮನ್. ಕೊಂಕಣಿ ಕನ್ನಡ ಇಂಗ್ಲಿಷುಗಳ ಮೇಲೆ ಅದನ್ನೂ ಕಲಿತು, ಐದು ವರ್ಷ ಓದಿ, 1851ರಲ್ಲಿ ಲಿಯೋನ್‌ಬರ್ಗಿನಲ್ಲಿ ಪಾದ್ರಿ ದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು.

ಇತ್ತ ಮಂಗಳೂರಿನ ಸಭೆಯಲ್ಲಿ ಏನಾಗಿತ್ತು? ಕನ್ನಡದ ಮಾತನ್ನು ಜರ್ಮನ್ ಮಟ್ಟುಗಳಿಗೆ ಕೂರಿಸಿ ಹಾಡುತ್ತಿದ್ದರು. ಗುರು ಲಘುಗಳು ಎಲ್ಲೆಲ್ಲೋ ಮುರಿದು ಬಿದ್ದಿರಬೇಕು. ತನ್ನೂರಿನಲ್ಲೇ ಕೂತು ಪರದೇಶಿಯಾಗುವ ಸ್ಥಿತಿ ಇದು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ಲರಿಗೆ ಇದು ಒಗ್ಗಲಿಲ್ಲ. 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ಷಟ್ಪದಿಗೆ ತಂದರು, ಕುಮಾರವ್ಯಾಸನನ್ನು ಕೇಳಿ ಬೆಳೆದ ಕಿವಿಗೆ ಇದರಲ್ಲಿ ಹೊಸತಾದದ್ದು ಕಥೆಯೊಂದೇ. ಮಿಷನ್ನಿನ ಎಲ್ಲರಿಗೂ ಇದು ಹಿಡಿಸಲಿಲ್ಲ. ಕಿಟೆಲ್ಲರನ್ನು 1894ರ ನಿಘಂಟಿಗಾಗಿ ಮಾತ್ರ ನೆನೆಯುವ ನಾವು ಈ ಪುಸ್ತಕವನ್ನು ಮರೆತಿದ್ದೇವೆ.

ಕೌಂಡಿನ್ಯರ ಹೆಸರಿನ ಆನಂದಪುರ ಕೊಡಗಿನ ಸಿದ್ದಾಪುರದ ಬಳಿ ಇಂದಿಗೂ ಇದೆ. ಕಾಫಿ ತೋಟದ ಹೊಲೆಯ ಕೂಲಿಕಾರರಿಗಾಗಿ ಅವರೂ ಮೋಗ್ಲಿಂಗರೂ 1850ರ ದಶಕದಲ್ಲಿ ಕಟ್ಟಿದ ಊರು ಅದು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು ಆ ಸಭೆಗೆ ಪಾದ್ರಿ. 1860ರಲ್ಲಿ ಅವರು ವುರ್ಟೆಂಬರ್ಗಿನ ಮೇರಿ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದರು. ಭಾಷೆ ಬಾರದ ನಾಡಿಗೆ ಬಂದು, ಸಣ್ಣ ಸಭೆಯೊಂದರಲ್ಲಿ ಕೂತು, ಮೊದಲಿನಿಂದ ಕಲಿಯುವ ಸರದಿ ಈಗ ಆಕೆಯದಾಯಿತು.