ಟೋಟಲ್ ನಾರ್ಮಲ್ ಐತಿ, ಆದ್ರ...

ಹಳೇ ಕಥಿ, ಭಾಗ 6. ಸ್ವಲ್ಪ ಉದ್ದ ಐತಿ, ಪೂರಾ ಓದ್ರಿ.

ಹೋದ ವಾರ ಹುಕ್ಕೇರಿ ಕಾಕಾ ಗೋಕಾಕಿಗೆ ಬಂದಿದ್ರು. ಮೂಡಲಗಿಯಾಗ ಕೆಲಸ, ಅಲ್ಲೇ ರಕ್ತ ಕೊಟ್ಟಿದ್ರಂತ. ಕಿಸೆಯಿಂದ ರಿಪೋರ್ಟ್ ತೆಗೆದು, "ಕೊಲೆಸ್ಟ್ರಾಲ್ 188. ಇನ್ನೂರರ ಒಳಗ ಐತಿ, ಏನೂ ಇಲ್ಲ" ಅಂತ ಕರದಂಟಿನ ಡಬ್ಬಿಗೆ ಕೈ ಹಾಕಿದ್ರು. ಕೆಳಗಿನ ಸಾಲು ಯಾರೂ ಓದಿರಲಿಲ್ಲ. ಎಚ್‌ಡಿಎಲ್ 32. ಟ್ರೈಗ್ಲಿಸರೈಡ್ 240. ಎಲ್‌ಡಿಎಲ್ 108.

ಈ ಸಾಲುಗಳ ಹಿಂದೆ ನೂರು ವರ್ಷಕ್ಕೂ ಹಳೆಯ ಕಥೆ ಇದೆ. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಕರಗಿಸಿ ಮೊಲಗಳಿಗೆ ತಿನ್ನಿಸಿದರು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿತು. ಇಲಿ, ನಾಯಿಗಳಲ್ಲಿ ಹಂಗ ಆಗಲಿಲ್ಲ, ಅದಕ್ಕ ಬಹಳ ಮಂದಿ ಈ ಮಾತನ್ನ ತಳ್ಳಿಹಾಕಿದ್ರು. ಮನುಷ್ಯರ ಮೇಲೆ ದೊಡ್ಡ ಅಧ್ಯಯನ ಶುರುವಾಗಿದ್ದು 1948ರಲ್ಲಿ, ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 5,209 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ.

ನನಗ ಬಹಳ ಸೇರಿದ್ದು ಜಾನ್ ಗಾಫ್‌ಮನ್ ಕೆಲಸ. 1950ರ ಸುಮಾರಿಗೆ ಅವರು ರಕ್ತದ ಸೀರಮ್ಮನ್ನು ಭಾರೀ ವೇಗದ ಯಂತ್ರದಲ್ಲಿ ತಿರುಗಿಸಿದರು. ಹಾಲಿನ ಮ್ಯಾಲೆ ಕೆನಿ ತೇಲಿದಂಗ ಕೊಬ್ಬಿನ ಕಣಗಳು ತೂಕದ ಪ್ರಕಾರ ಬೇರೆ ಬೇರೆಯಾದವು. ಅಂದ್ರ ಕೊಲೆಸ್ಟ್ರಾಲ್ ಎಷ್ಟು ಅನ್ನೋದಲ್ಲ, ಯಾವ ಗಾಡಿಯಲ್ಲಿ ಕೂತು ಹೊಂಟೈತಿ ಅನ್ನೋದು ಪ್ರಶ್ನೆ. ಎಲ್‌ಡಿಎಲ್ ಕಣ ರಕ್ತನಾಳದ ಗೋಡೆಗೆ ನುಗ್ಗುತ್ತದೆ. ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಅಪಾಯ ಹೆಚ್ಚು.

ಆ ಯಂತ್ರ ಊರೂರಿಗೆ ತರೋಕಾಗುತ್ತಾ? 1972ರಲ್ಲಿ ಫ್ರೀಡ್‌ವಾಲ್ಡ್ ತಂಡ ಒಂದು ಲೆಕ್ಕ ಕೊಟ್ಟಿತು. ಟೋಟಲ್‌ನಿಂದ ಎಚ್‌ಡಿಎಲ್ ಕಳೀರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೀರಿ. 188 − 32 − 48 = 108. ಕಾಕಾನ ಎಲ್‌ಡಿಎಲ್! ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಈ ಲೆಕ್ಕ ನಡೆಯೋದಿಲ್ಲ. ಊಟದ ಮೇಲೆ ಅದು ಏರುತ್ತದೆ, ಅದಕ್ಕೇ "ಉಪವಾಸ ಬರ್ರಿ" ಅಂತಿದ್ರು. 2024ರಲ್ಲಿ ಭಾರತದ ಹೃದ್ರೋಗ ತಜ್ಞರ ಸೊಸೈಟಿ, ಮೊದಲ ಪರೀಕ್ಷೆಗೆ ಉಪವಾಸ ಬೇಕಿಲ್ಲ ಎಂದಿತು.

ಅದೇ ಸೊಸೈಟಿ ಟೋಟಲ್‌ನಿಂದ ಎಚ್‌ಡಿಎಲ್ ಕಳೆದ ಅಂಕಿಯನ್ನೂ ನೋಡಲು ಹೇಳಿತು. ಅಪಾಯ ಕಡಿಮೆ ಇದ್ದವರಿಗೂ ಅದು 130ರ ಒಳಗಿರಬೇಕು. ಕಾಕಾನದು 156. ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು, ಟೋಟಲ್ ನೋಡಾಕ ಚಂದ: ನಮ್ಮ ದೇಶದಾಗ ಬಹಳ ಕಾಣೋದು ಇದೇ.

2021ರ ಅಕ್ಟೋಬರ್ 29ಕ್ಕೆ ಅಪ್ಪು 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಜಯದೇವದ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ರು. (ಅವರ ಸಾವಿಗೂ ಕೊಲೆಸ್ಟ್ರಾಲಿಗೂ ನಾ ಗಂಟು ಹಾಕ್ತಿಲ್ಲ.) ಆಮೇಲೆ ಅವರ ಹೆಸರಲ್ಲೇ ಹೃದಯಜ್ಯೋತಿ ಯೋಜನೆ ಬಂತು: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್. ಆದ್ರ ಅದು ಎದಿ ನೋವು ಬಂದ ಮ್ಯಾಲೆ. ಕಾಕಾನ ಕಿಸೆಯಾಗಿನ ಕಾಗದ ಅದಕ್ಕಿಂತ ಮೊದಲಿಂದು.

ಮತ್ತ ಕರದಂಟು? ಅಂಟು, ಬೆಲ್ಲ, ಕೊಬ್ಬರಿಯಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ, ತುಪ್ಪದಲ್ಲಿ ಮಾತ್ರ ಇದೆ. ಆದರೆ ಕೊಬ್ಬರಿಯ ಕೊಬ್ಬು ಎಲ್‌ಡಿಎಲ್ ಏರಿಸುತ್ತೆ, ಅತಿಯಾದ ಸಿಹಿ ಟ್ರೈಗ್ಲಿಸರೈಡ್ ಏರಿಸುತ್ತೆ. ಗೋಕಾಕಿನಾಗ ಕೂತು ಇದನ್ನ ಬರಿಯೋದು ಕಷ್ಟ ಐತ್ರಿ.

ಲೆಕ್ಕ ಹಾಕಿ ತೋರಿಸಿದೆ. ಕಾಕಾ ಕಾಗದ ಮತ್ತೊಮ್ಮೆ ಬಿಚ್ಚಿ ನೋಡಿದ್ರು. ಸೋಮವಾರ ಡಾಕ್ಟರ್ ಹತ್ರ ಹೊಂಟಾರ. ಡಬ್ಬಿ ಕಪಾಟಿನ ಮ್ಯಾಲೆ ಹೋಗೈತಿ.